ಅದೃಷ್ಟವೋ, ಕೈಚಳಕವೋ?

ನಾಣ್ಯ ಹಾಕಿ ಆಡುವ ಪಿನ್‌ಬಾಲ್ ಯಂತ್ರ ಒಂದು ಕಾಲಕ್ಕೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಿಷಿದ್ಧವಾಗಿತ್ತು ಎಂದರೆ ಇಂದು ನಗು ಬಂದೀತು. 1942ರಲ್ಲಿ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಅದನ್ನು ಜೂಜೆಂದು ಸಾರಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಶಾಲಾ ಮಕ್ಕಳ ಊಟದ ಕಾಸನ್ನು ಅವು ನುಂಗುತ್ತಿವೆ ಎಂಬುದು ಅವರ ದೂರು.

ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆಗ ಗುಂಡನ್ನು ಚಿಮ್ಮಿಸಿ, ಅದು ಉರುಳುವುದನ್ನು ನೋಡುತ್ತ ನಿಲ್ಲುವುದಷ್ಟೇ ಆಟಗಾರನ ಕೆಲಸ. 1947ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿ ತನ್ನ 'ಹಂಪ್ಟಿ ಡಂಪ್ಟಿ' ಯಂತ್ರಕ್ಕೆ ಫ್ಲಿಪ್ಪರ್ ಎಂಬ ಪುಟ್ಟ ರೆಕ್ಕೆಗಳನ್ನು ಜೋಡಿಸಿತು. ಬಟನ್ ಒತ್ತಿದರೆ ರೆಕ್ಕೆ ಬಡಿದು, ಜಾರುವ ಗುಂಡು ಮತ್ತೆ ಮೇಲಕ್ಕೆ. ಆಟ ಕೈಗೆ ಬಂತು; ಕಾನೂನು ಮಾತ್ರ ಕದಲಲಿಲ್ಲ.

ಪೆಟ್ಟು ಬಿದ್ದದ್ದು ಯಂತ್ರಗಳ ಒಡೆಯರಿಗೆ. ಯಂತ್ರವನ್ನು ಬೇರೆಯವರ ಅಂಗಡಿಯಲ್ಲಿಟ್ಟು, ಬಿದ್ದ ಕಾಸನ್ನು ಅಂಗಡಿಯವನೊಡನೆ ಹಂಚಿಕೊಳ್ಳುವುದು ಈ ವ್ಯಾಪಾರದ ಕ್ರಮ. ಗಾಜು ಒರೆಸುವುದು, ಸುಟ್ಟ ಬಲ್ಬು, ಸವೆದ ರಬ್ಬರು ಬದಲಿಸುವುದು ಒಡೆಯನ ಹೊಣೆ. ಕೆಟ್ಟು ನಿಂತ ಯಂತ್ರ ಕಾಸು ದುಡಿಯದು.

1976ರಲ್ಲಿ ಈ ವ್ಯಾಪಾರಿಗಳು ನಗರಸಭಾ ಸಮಿತಿಯ ಮುಂದೆ ಆಡಿ ತೋರಿಸಲು ಪತ್ರಕರ್ತ ರೋಜರ್ ಶಾರ್ಪ್ ಅವರನ್ನು ಕರೆತಂದರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಯಂತ್ರ ತಂದಿದ್ದರು. ಮೊದಲನೆಯದರಲ್ಲಿ ಮೋಸವಿದ್ದೀತೆಂದು ಶಂಕಿಸಿದ ಸದಸ್ಯರೊಬ್ಬರು ಎರಡನೆಯದರಲ್ಲೇ ಆಡಿ ಎಂದರು. ಗುಂಡು ನಡುವಿನ ದಾರಿಯಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿ ಶಾರ್ಪ್ ಚಿಮ್ಮಿಸಿದರು, ಹಾಗೆಯೇ ಇಳಿಯಿತು. ನಿಷೇಧ ತೊಲಗಿತು.

ಆ ಹೊಡೆತದಲ್ಲಿ ಅದೃಷ್ಟವೂ ಇತ್ತೆಂದು ಶಾರ್ಪ್ ಆಮೇಲೆ ಒಪ್ಪಿಕೊಂಡರು. ಆದರೆ ಯಾರೂ ಲೆಕ್ಕಕ್ಕಿಡದ ಎರಡನೆಯ ಯಂತ್ರ ಕರೆದೊಡನೆ ಓಡಿದ್ದು ಅದೃಷ್ಟವಲ್ಲ, ಕಸುಬು.