ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆ

ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆ ಎಂಬುದು ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪ್ರಕೃತಿಯ ವಸ್ತುಗಳನ್ನೂ ವಿದ್ಯಮಾನಗಳನ್ನೂ ಅವರ ವಯಸ್ಸಿಗೆ ತಕ್ಕ ಕ್ರಮದಲ್ಲಿ ಪರಿಚಯಿಸುವ ಶೈಕ್ಷಣಿಕ ಕಾರ್ಯ. ಮಾಹಿತಿ ನೀಡುವುದರ ಜೊತೆಗೆ ವೀಕ್ಷಣೆ, ವರ್ಗೀಕರಣ, ಅಳತೆ, ಪ್ರಯೋಗ ಹಾಗೂ ಕಾರಣ ಹುಡುಕುವ ಅಭ್ಯಾಸಗಳನ್ನು ಬೆಳೆಸುವುದು ಇದರ ಮುಖ್ಯ ಉದ್ದೇಶ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಖಾತರಿಪಡಿಸಿರುವುದರಿಂದ, ಅನೇಕ ಮಕ್ಕಳಿಗೆ ವಿಜ್ಞಾನದ ಮೊದಲ ವ್ಯವಸ್ಥಿತ ಪರಿಚಯ ದೊರೆಯುವುದು ಈ ಹಂತದಲ್ಲಿಯೇ.

ಹಿನ್ನೆಲೆ

ಕೊಠಾರಿ ಆಯೋಗವು (1964–66) ಶಾಲೆಯ ಮೊದಲ ಹತ್ತು ವರ್ಷಗಳಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ವಿಜ್ಞಾನ ಮತ್ತು ಗಣಿತವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಶಿಫಾರಸು ಮಾಡಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕು, ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಂದಿಗೆ ಜೋಡಿಸಬೇಕು ಎಂಬುದನ್ನು ಮಾರ್ಗದರ್ಶಿ ತತ್ತ್ವವಾಗಿ ಸ್ವೀಕರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 1 ಮತ್ತು 2ನೆಯ ತರಗತಿಗಳನ್ನು ಬುನಾದಿ ಹಂತದಲ್ಲಿಯೂ, 3ರಿಂದ 5ನ್ನು ಪೂರ್ವಸಿದ್ಧತಾ ಹಂತದಲ್ಲಿಯೂ, 6ರಿಂದ 8ನ್ನು ಮಧ್ಯಮ ಹಂತದಲ್ಲಿಯೂ ಸೇರಿಸಿದೆ.

ತರಗತಿವಾರು ಕ್ರಮ

ಒಂದೇ ವಿಷಯವನ್ನು ಬೇರೆ ಬೇರೆ ತರಗತಿಗಳಲ್ಲಿ ಹೆಚ್ಚು ಆಳವಾಗಿ ಮತ್ತೆ ಮತ್ತೆ ಕಲಿಸುವ ಪದ್ಧತಿಗೆ ಸುರುಳಿ ಪಠ್ಯಕ್ರಮ ಎಂದು ಹೆಸರು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರಲ್ಲಿ ಈ ಕಲ್ಪನೆಯನ್ನು ಮಂಡಿಸಿದರು. ಒದ್ದೆ ಬಟ್ಟೆ ಒಣಗುವ ಕ್ರಿಯೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

1–2ನೆಯ ತರಗತಿ: ವಿಜ್ಞಾನವು ಪ್ರತ್ಯೇಕ ವಿಷಯವಾಗಿರದೆ ಭಾಷೆ ಮತ್ತು ಗಣಿತದ ಚಟುವಟಿಕೆಗಳೊಂದಿಗೆ ಬೆರೆತಿರುತ್ತದೆ. ಮಕ್ಕಳು ಒದ್ದೆ ಮತ್ತು ಒಣ ಬಟ್ಟೆಗಳನ್ನು ಮುಟ್ಟಿ ನೋಡಿ ವ್ಯತ್ಯಾಸವನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ.

3–5ನೆಯ ತರಗತಿ: ಸಮಾಜ ಹಾಗೂ ನಿಸರ್ಗ ಎರಡನ್ನೂ ಒಳಗೊಂಡ ಪರಿಸರ ಅಧ್ಯಯನವನ್ನು ಬೋಧಿಸಲಾಗುತ್ತದೆ. ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಬಟ್ಟೆ ಒಣಗಲು ತಗಲುವ ಸಮಯವನ್ನು ಮಕ್ಕಳು ಗುರುತಿಸಿ ಪಟ್ಟಿ ಮಾಡುತ್ತಾರೆ.

6–8ನೆಯ ತರಗತಿ: ವಿಜ್ಞಾನವು ಪ್ರತ್ಯೇಕ ವಿಷಯವಾಗುತ್ತದೆ. ಒಂದೇ ಅಳತೆಯ ಎರಡು ಬಟ್ಟೆಗಳನ್ನು ಸಮಪ್ರಮಾಣದ ನೀರಿನಲ್ಲಿ ನೆನೆಸಿ, ಗಾಳಿಯೊಂದನ್ನು ಬಿಟ್ಟು ಉಳಿದ ಅಂಶಗಳನ್ನು ಬದಲಿಸದೆ ಹೋಲಿಸಿದಾಗ ಅದು ನಿಯಂತ್ರಿತ ಪ್ರಯೋಗವಾಗುತ್ತದೆ. ಆವಿಯಾಗುವಿಕೆ, ಸಾಂದ್ರೀಕರಣ, ಜಲಚಕ್ರ ಎಂಬ ಪಾರಿಭಾಷಿಕ ಪದಗಳು ಈ ಅನುಭವದ ನಂತರ ಬಂದರೆ ಅರ್ಥ ಗಟ್ಟಿಯಾಗುತ್ತದೆ.

ಮೊದಲ ಹಂತಗಳ ಅನುಭವವಿಲ್ಲದೆ ವ್ಯಾಖ್ಯೆಯನ್ನು ನೇರವಾಗಿ ಕಲಿತ ಮಗು ಪ್ರಶ್ನೆಗೆ ಉತ್ತರ ಬರೆಯಬಲ್ಲದು. ಆದರೆ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತೆಂದು ಕೇಳಿದರೆ ಅದು ಇಲ್ಲವಾಯಿತು ಎಂದೇ ಭಾವಿಸಬಹುದು.

ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ

ಪ್ರಯೋಗಾಧಾರಿತ ಬೋಧನೆಗೆ ಭಾರತದ ಪ್ರಮುಖ ನಿದರ್ಶನವೆಂದರೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಇದನ್ನು ಆರಂಭಿಸಿದವು. 1978ರಲ್ಲಿ ಇದು ಜಿಲ್ಲೆಯಾದ್ಯಂತ ವಿಸ್ತರಿಸಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆಯು ಮುಂದೆ ಇದರ ಹೊಣೆ ಹೊತ್ತಿತು. 6ರಿಂದ 8ನೆಯ ತರಗತಿಯ ಮಕ್ಕಳು ಅಗ್ಗದ ಸಾಮಗ್ರಿಗಳ ಕಿಟ್ ಬಳಸಿ ಗುಂಪುಗಳಲ್ಲಿ ಪ್ರಯೋಗ ನಡೆಸಿ, ‘ಬಾಲ ವೈಜ್ಞಾನಿಕ’ ಎಂಬ ಕಾರ್ಯಪುಸ್ತಕದ ಪ್ರಶ್ನೆಗಳಿಗೆ ತಾವೇ ಉತ್ತರ ಕಂಡುಕೊಳ್ಳುತ್ತಿದ್ದರು. ಪುಸ್ತಕ ತೆರೆದು ಬರೆಯುವ ಪರೀಕ್ಷೆಯೂ ಪ್ರಾಯೋಗಿಕ ಪರೀಕ್ಷೆಯೂ ಇದರ ವೈಶಿಷ್ಟ್ಯಗಳಾಗಿದ್ದವು. ಮಕ್ಕಳು ತಮ್ಮ ಸಂದೇಹಗಳನ್ನು ‘ಸವಾಲೀರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ಪತ್ರದ ಮೂಲಕ ಕೇಳುತ್ತಿದ್ದರು. 2002ರಲ್ಲಿ ರಾಜ್ಯ ಸರ್ಕಾರವು ಈ ಕಾರ್ಯಕ್ರಮವನ್ನು ನಿಲ್ಲಿಸಿತು.

ಕನ್ನಡ ಮಾಧ್ಯಮದಲ್ಲಿ ಬೋಧನೆ

ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ಕೆಳಗಿನ ತರಗತಿಗಳಲ್ಲಿ ಪರಿಸರ ಅಧ್ಯಯನವನ್ನು ಕಲಿಕಾ ಕಾರ್ಡು ಮತ್ತು ಗುಂಪು ಚಟುವಟಿಕೆಗಳ ಮೂಲಕ ಕಲಿಸುತ್ತದೆ. ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನ ಬರೆದ ಆರಂಭಿಕರಲ್ಲಿ ಶಿವರಾಮ ಕಾರಂತರು ಪ್ರಮುಖರು. ಅವರ ‘ಬಾಲಪ್ರಪಂಚ’ ಈ ದಿಸೆಯ ಪ್ರಸಿದ್ಧ ಕೃತಿ.

ಮನೆಮಾತಿನ ಪದಗಳು ವಿಜ್ಞಾನದಲ್ಲಿ ಬೇರೆ ಅರ್ಥ ಪಡೆಯುವುದು ಈ ಮಾಧ್ಯಮದ ವಿಶೇಷ ಸವಾಲು. ಮನೆಯಲ್ಲಿ ಪರಂಗಿ ಹಣ್ಣನ್ನು ‘ಉಷ್ಣ’ ಎನ್ನುತ್ತಾರೆ. ಭೌತವಿಜ್ಞಾನದಲ್ಲಿ ಉಷ್ಣವೆಂದರೆ ಶಕ್ತಿಯ ಒಂದು ರೂಪ, ತಾಪವೆಂದರೆ ಅದಕ್ಕಿಂತ ಭಿನ್ನವಾದ ಪರಿಮಾಣ. ‘ಬಲ’ ಮತ್ತು ‘ಶಕ್ತಿ’ ಆಡುಮಾತಿನಲ್ಲಿ ಸಮಾನಾರ್ಥಕಗಳು, ಪಠ್ಯದಲ್ಲಿ ಅಲ್ಲ. ಎರಡೂ ಅರ್ಥಗಳನ್ನು ತರಗತಿಯಲ್ಲಿ ಮೊದಲೇ ಚರ್ಚಿಸಿದರೆ ಗೊಂದಲ ಕಡಿಮೆಯಾಗುತ್ತದೆ.

ಮೌಲ್ಯಮಾಪನ

ಬರವಣಿಗೆಯ ಪರೀಕ್ಷೆಯೊಂದರಿಂದಲೇ ವೀಕ್ಷಣೆ, ಅಳತೆಯಂಥ ಕೌಶಲಗಳನ್ನು ಅಳೆಯುವುದು ಕಷ್ಟ. ಆದುದರಿಂದ ಮಕ್ಕಳ ಟಿಪ್ಪಣಿ, ಚಿತ್ರ, ಮಾದರಿ, ಮೌಖಿಕ ವಿವರಣೆ ಮತ್ತು ಅವರು ಕೇಳುವ ಪ್ರಶ್ನೆಗಳನ್ನೂ ಪರಿಗಣಿಸುವುದುಂಟು. ಪ್ರಶ್ನೆಪತ್ರಿಕೆಯು ವ್ಯಾಖ್ಯೆಗಳನ್ನಷ್ಟೇ ಕೇಳುವವರೆಗೆ ತರಗತಿಯ ಬೋಧನೆಯೂ ವ್ಯಾಖ್ಯೆಗಳತ್ತಲೇ ವಾಲುತ್ತದೆ. ಆದ್ದರಿಂದ ಬೋಧನಾ ವಿಧಾನದ ಸುಧಾರಣೆ ಮತ್ತು ಪರೀಕ್ಷಾ ಸುಧಾರಣೆಗಳು ಒಟ್ಟಿಗೆ ನಡೆಯಬೇಕಾಗುತ್ತದೆ.