ದೂರದರ್ಶನದ ಪೆಟ್ಟಿಗೆಯೂ ಅದರ ಆಸರೆಯೂ

ಮನೆಗೊಂದು ಹೊಸ ಸ್ಮಾರ್ಟ್ ಟಿ.ವಿ.ಯನ್ನು ತರಬೇಕೆಂದು ನಿಶ್ಚಯಿಸಿ ಅಂಗಡಿಗೆ ಹೋದ ಗೃಹಸ್ಥನು, ಗೋಡೆಯುದ್ದಕ್ಕೂ ಬೆಳಗುತ್ತಿರುವ ತೆರೆಗಳ ಮುಂದೆ ನಿಂತು, ಇಷ್ಟು ಇಂಚು, ಇಂಥ ಪ್ಯಾನೆಲ್, ಇಷ್ಟು ಹರ್ಟ್ಸ್ ಎಂದು ಮಾರಾಟಗಾರನು ಒಪ್ಪಿಸುವ ಪಾಠವನ್ನು ಕೇಳುವಾಗ, ತನ್ನ ಮುಂದಿರುವ ಸಮಸ್ಯೆ ಹಿಂದೆ ಯಾರಿಗೂ ಒದಗಿರಲಿಲ್ಲವೆಂದು ಭಾವಿಸಿದರೆ ಅದು ಸಹಜವೇ ಸರಿ. ಆದರೆ ಕನ್ನಡನಾಡಿಗೆ ದೂರದರ್ಶನವು ಕಾಲಿಟ್ಟು ಅರ್ಧ ಶತಮಾನ ಸಂದಿದೆ. ಈ ಅವಧಿಯಲ್ಲಿ ನಮ್ಮ ಜನ ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪಗಳಲ್ಲಿ ಮತ್ತೆ ಮತ್ತೆ ಎದುರಿಸಿದ್ದಾರೆ. ಆ ಇತಿಹಾಸವನ್ನು ಸಾವಧಾನವಾಗಿ ಅವಲೋಕಿಸಿದವರಿಗೆ ಒಂದು ಸಂಗತಿ ನಿಚ್ಚಳವಾಗಿ ಗೋಚರಿಸುತ್ತದೆ. ಟಿ.ವಿ.ಯ ಆಯುಸ್ಸು ಎಂದೂ ಅದರ ಪೆಟ್ಟಿಗೆಯೊಂದರಲ್ಲೇ ಅಡಗಿದ್ದುದಲ್ಲ. ಪೆಟ್ಟಿಗೆಯ ಹೊರಗೆ, ಕೊಂಡವನ ಕೈಗೆ ಎಟುಕದ ಎಡೆಯಲ್ಲಿ, ಅದಕ್ಕೆ ಆಸರೆಯಾದ ವ್ಯವಸ್ಥೆಯೊಂದು ಯಾವಾಗಲೂ ಇತ್ತು. ಆ ಆಸರೆ ನಿಂತಷ್ಟು ಕಾಲ ಪೆಟ್ಟಿಗೆಯೂ ಬೆಳಗಿತು. ಆಸರೆ ಸರಿದಂದು, ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಅದು ಮೂಕವಾಯಿತು.

ಭಾರತದಲ್ಲಿ ದೂರದರ್ಶನದ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪದಲ್ಲಿ ಆರಂಭವಾಯಿತು. ಮುಂಬಯಿಗೆ ಅದು ಬಂದುದು 1972ರಲ್ಲಿ. ಕರ್ನಾಟಕದಲ್ಲಿ ಅದು ಮೊದಲು ಪ್ರವೇಶಿಸಿದ್ದು ರಾಜಧಾನಿಯ ಶ್ರೀಮಂತರ ಹಜಾರಗಳನ್ನೆಂದು ಊಹಿಸುವವರೇ ಹೆಚ್ಚು. ವಾಸ್ತವದಲ್ಲಿ ಅದು ಮೊದಲು ಕಾಣಿಸಿಕೊಂಡುದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಉಪಗ್ರಹದ ಮೂಲಕ ಗ್ರಾಮೀಣ ಜನತೆಗೆ ಶಿಕ್ಷಣವನ್ನು ತಲಪಿಸಬೇಕೆಂದು ವಿಕ್ರಮ ಸಾರಾಭಾಯಿಯವರು ಕಂಡ ಕನಸು, ಅವರು ಕಾಲವಾದ ಮೂರೂವರೆ ವರ್ಷಗಳ ತರುವಾಯ, 1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗವಾಗಿ ಸಾಕಾರಗೊಂಡಿತು. ಅಮೆರಿಕದ ನಾಸಾ ಸಂಸ್ಥೆಯು ಒಂದು ವರ್ಷದ ಮಟ್ಟಿಗೆ ಒದಗಿಸಿದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಚಿತ್ರಗಳು ಇಳಿದುವು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ಸಿದ್ಧವಾದುವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯನ್ನು ಸುಮಾರು ಹತ್ತು ಅಡಿ ವ್ಯಾಸದ ಬಟ್ಟಲಿನಾಕಾರಕ್ಕೆ ಬಿಗಿದು, ಆಕಾಶದ ಒಂದು ಬಿಂದುವಿಗೆ ಮುಖಮಾಡಿ ನಿಲ್ಲಿಸಿದ ಆಂಟೆನಾ. ಶಾಲೆಯಲ್ಲೋ ಪಂಚಾಯಿತಿಯ ಕಟ್ಟಡದಲ್ಲೋ ಇರಿಸಿದ ಒಂದೇ ಒಂದು ಸೆಟ್ಟು. ಅದರ ಮುಂದೆ ನೆಲದ ಮೇಲೆ ಕುಳಿತ ಇಡೀ ಊರು. ಇದು ನಮ್ಮ ನಾಡಿನ ಪ್ರಥಮ ದೂರದರ್ಶನ ಗೃಹ.

ಆ ಹಳ್ಳಿಯವರು ಸೆಟ್ಟನ್ನು ಆರಿಸಿದವರಲ್ಲ, ಕೊಂಡವರೂ ಅಲ್ಲ. ಆದರೂ ಆಸರೆಯ ಪಾಠವನ್ನು ಮೊತ್ತಮೊದಲು ಕಲಿತವರು ಅವರೇ. 1976ರ ಜುಲೈ 31ರಂದು ಕರಾರಿನ ಅವಧಿ ಮುಗಿಯಿತು. ಉಪಗ್ರಹವು ಬೇರೆಡೆಗೆ ಸರಿಯಿತು. ಕೆಡದೆ ಉಳಿದ ಸೆಟ್ಟುಗಳಲ್ಲಿ ತೋರಲು ಏನೂ ಉಳಿಯಲಿಲ್ಲ. ಈ ಕೊರತೆಯನ್ನು ತುಂಬುವ ಉದ್ದೇಶದಿಂದಲೇ 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವು ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು ಅದಾದ ಎಷ್ಟೋ ಕಾಲದ ಮೇಲೆ, 1981ರಲ್ಲಿ.

ಮನೆಯವರು ತಾವಾಗಿ ಟಿ.ವಿ.ಯನ್ನು ಆರಿಸಿ ತರುವ ಯುಗವು ನಿಜವಾಗಿ ತೆರೆದುದು 1982ರಲ್ಲಿ. ಆ ವರ್ಷದ ಏಪ್ರಿಲಿನಲ್ಲಿ ಇನ್‌ಸ್ಯಾಟ್-1ಎ ಉಪಗ್ರಹವು ಕಕ್ಷೆಗೇರಿತು. ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮವೂ ವರ್ಣಪ್ರಸಾರವೂ ಆರಂಭವಾದುವು. ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳು ದೇಶಕ್ಕೆ ಬಣ್ಣದಲ್ಲಿ ಕಂಡುವು. ಈ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರವು ನಮ್ಮ ಹಾಸನದಲ್ಲಿ ನೆಲೆಗೊಂಡುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಇನ್‌ಸ್ಯಾಟ್-1ಎ ಆ ಸೆಪ್ಟೆಂಬರಿನಲ್ಲೇ ನಿರುಪಯುಕ್ತವಾದರೂ, 1983ರ ಆಗಸ್ಟಿನಲ್ಲಿ ಹಾರಿದ ಇನ್‌ಸ್ಯಾಟ್-1ಬಿ ಅದರ ಭಾರವನ್ನು ಹೊತ್ತಿತು. ಮರುವರ್ಷ ಊರೂರುಗಳಲ್ಲಿ ಕಿರುಶಕ್ತಿಯ ಟ್ರಾನ್ಸ್‌ಮಿಟರುಗಳು ಅತಿ ತ್ವರಿತವಾಗಿ ಎದ್ದುನಿಂತುವು. ದೂರದರ್ಶನಕ್ಕೆ ಬೇಕಾದ ಟ್ರಾನ್ಸ್‌ಮಿಟರುಗಳನ್ನೂ ಸೆಟ್ಟುಗಳಿಗೆ ಬೇಕಾದ ಕಪ್ಪು-ಬಿಳುಪಿನ ಪಿಕ್ಚರ್ ಟ್ಯೂಬುಗಳನ್ನೂ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸುತ್ತಿದ್ದಿತು.

ಆ ಕಾಲದ ಗೃಹಸ್ಥನ ಮೊದಲ ವಿಚಾರಣೆ ಸೆಟ್ಟನ್ನು ಕುರಿತದ್ದಾಗಿರಲಿಲ್ಲ. ನಮ್ಮ ಊರಿಗೆ ಟವರು ಸಿಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಕಿರುಶಕ್ತಿಯ ಕೇಂದ್ರದ ವ್ಯಾಪ್ತಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನಷ್ಟು. ನಡುವೆ ಗುಡ್ಡವೊಂದು ಅಡ್ಡಬಂದರೆ ಅದೂ ಇಲ್ಲ. ಮಲೆನಾಡಿನ ತೋಟದ ಮನೆಯವನು ಅತ್ಯುತ್ತಮವಾದ ಸೆಟ್ಟನ್ನು ತಂದರೂ ಕಾಣುವುದು ಹಿಮ ಸುರಿದಂತೆ ಮಿನುಗುವ ಚುಕ್ಕೆಗಳನ್ನಷ್ಟೆ. ಬಯಲುಸೀಮೆಯ ಪಟ್ಟಣದಲ್ಲಿ ಸಾಧಾರಣ ಸೆಟ್ಟೂ ಸ್ವಚ್ಛವಾಗಿ ತೋರುವುದು. ಆದುದರಿಂದ ಹಣದ ಒಂದಂಶವು ತಾರಸಿಯ ಮೇಲಕ್ಕೇ ಹೋಗುತ್ತಿದ್ದಿತು: ಎತ್ತರದ ಕಬ್ಬಿಣದ ಪೈಪು, ಅದರ ತುದಿಗೆ ಅಲ್ಯೂಮಿನಿಯಮ್ ಕಡ್ಡಿಗಳ ಯಾಗಿ ಆಂಟೆನಾ, ಅಲ್ಲಿಂದ ಕಿಟಕಿಯ ಸಂದಿಯವರೆಗೆ ಇಳಿಯುವ ಚಪ್ಪಟೆ ವಯರು, ಸಾಲದಿದ್ದಲ್ಲಿ ಒಂದು ಬೂಸ್ಟರು. ಗಾಳಿ ಬೀಸಿಯೋ ಕಾಗೆ ಕುಳಿತೋ ಕಡ್ಡಿಗಳು ದಿಕ್ಕು ತಪ್ಪಿದಾಗ ಮನೆಯ ಹುಡುಗನು ಮೇಲೆ ಹತ್ತಿ ಪೈಪನ್ನು ತಿರುಗಿಸುವನು. ಕೆಳಗೆ ತಂದೆ ತೆರೆಯ ಮುಂದೆ, ತಾಯಿ ಕಿಟಕಿಯ ಬಳಿ. "ಬಂತೇನಪ್ಪಾ?" "ಇನ್ನೂ ಸ್ವಲ್ಪ ಆ ಕಡೆ!" "ಸಾಕು, ಸಾಕು, ಅಲ್ಲೇ ಬಿಡು!" ಅಂದಿನ ಬೀದಿಗಳಲ್ಲಿ ಭಾನುವಾರದ ಬೆಳಗು ಈ ಮಾತುಗಳಿಂದಲೇ ತುಂಬಿರುತ್ತಿದ್ದುದು ಅನೇಕರ ನೆನಪಿನಲ್ಲಿರಬಹುದು.

ಇನ್ನು ಸೆಟ್ಟಿನ ಆಯ್ಕೆ. ಹೈದರಾಬಾದಿನ ಇಸಿಐಎಲ್, ಮದರಾಸಿನ ಡಯನೋರಾ ಮತ್ತು ಸಾಲಿಡೇರ್, ಕೇರಳ ಸರ್ಕಾರದ ಕೆಲ್ಟ್ರಾನ್, ಉತ್ತರ ಪ್ರದೇಶದ ಅಪ್ಟ್ರಾನ್, ಮುಂದೆ ಒನಿಡಾ, ವಿಡಿಯೋಕಾನ್, ಹಾಗೂ ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರನ್ನು ಮುಖ್ಯಸ್ಥಾನ ಮಾಡಿಕೊಂಡ ಬಿಪಿಎಲ್ ಇವೆಲ್ಲವೂ ಅಂದಿನ ಪರಿಚಿತ ನಾಮಗಳು. ಇವುಗಳಲ್ಲಿ ಯಾವುದನ್ನು ತರಬೇಕೆಂಬುದನ್ನು ನಿರ್ಣಯಿಸಿದವನು ಬಹುಮಟ್ಟಿಗೆ ಊರಿನ ರೇಡಿಯೊ ರಿಪೇರಿಯವನೇ. ಯಾವ ಸೆಟ್ಟಿನ ಈಎಚ್‌ಟಿ ಟ್ರಾನ್ಸ್‌ಫಾರ್ಮರ್ ಬೇಗ ಸುಡುತ್ತದೆ, ಯಾವ ಪಿಕ್ಚರ್ ಟ್ಯೂಬು ಬೇಗ ಮಂಕಾಗುತ್ತದೆ, ಯಾವುದರ ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ದೊರೆಯುತ್ತದೆ ಎಂಬುದನ್ನು ಬಲ್ಲವನು ಅವನು. ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಕೊಂಡವರು ಹದಿನೈದು ವರ್ಷ ಒಂದೇ ಸೆಟ್ಟಿನಲ್ಲಿ ಕಾಲ ಹಾಕಿದ್ದುಂಟು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸು ಪಡೆಯುವ ಪದ್ಧತಿ 1980ರ ದಶಕದ ಮಧ್ಯದವರೆಗೂ ಇದ್ದಿತು. ವೋಲ್ಟೇಜಿನ ಏರಿಳಿತಕ್ಕೆ ಸ್ಟೆಬಿಲೈಸರು, ಧೂಳಿಗೂ ಮಕ್ಕಳ ಕೈಗೂ ತಡೆಯಾಗಿ ಮರದ ಶಟರು, ಅದಕ್ಕೊಂದು ಬೀಗ, ಮೇಲೆ ಕಸೂತಿಯ ಹೊದಿಕೆ: ಇಷ್ಟು ಪರಿವಾರದೊಡನೆ ಟಿ.ವಿ.ಯು ನಡುಮನೆಯಲ್ಲಿ ಪ್ರತಿಷ್ಠಿತವಾಗುತ್ತಿದ್ದಿತು.

ಅದು ಒಂದು ಮನೆಯ ಸ್ವತ್ತಾಗಿದ್ದರೂ ಒಂದು ಮನೆಗೆ ಮಾತ್ರ ಮೀಸಲಾಗಿರಲಿಲ್ಲ. 1983ರ ಜೂನ್ 25ರಂದು ಲಾರ್ಡ್ಸ್ ಅಂಗಣದಲ್ಲಿ ಭಾರತವು ವಿಶ್ವಕಪ್ಪನ್ನು ಗೆದ್ದಾಗಲೂ, 1987ರ ಜನವರಿಯಿಂದ ರಾಮಾಯಣವು ವಾರವಾರವೂ ಪ್ರಸಾರವಾದಾಗಲೂ, ಆಗುಂಬೆಯಲ್ಲಿ ಚಿತ್ರಿತವಾದ ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ನಮ್ಮ ಮಲೆನಾಡಿನ ಮಳೆಯನ್ನೂ ಮನೆಗಳನ್ನೂ ದೇಶಕ್ಕೆಲ್ಲ ತೋರಿಸಿದಾಗಲೂ, ಟಿ.ವಿ.ಯಿದ್ದ ಮನೆಯ ಬಾಗಿಲು ಬೀದಿಗೆ ತೆರೆದಿರುವುದು ಮರ್ಯಾದೆಯ ಮಾತಾಗಿದ್ದಿತು. ಎಷ್ಟು ಜನ ಕುಳಿತು ನೋಡಬಹುದು ಎಂಬ ಲೆಕ್ಕದಿಂದ ತೆರೆಯ ಗಾತ್ರವನ್ನು ನಿಶ್ಚಯಿಸಿದವರೂ ಇದ್ದರು.

ಎರಡನೆಯ ಪರಿವರ್ತನೆ 1990ರ ದಶಕದ್ದು. 1991ರಲ್ಲಿ ಸ್ಟಾರ್ ಟಿ.ವಿ., 1992ರಲ್ಲಿ ಜೀ, 1994ರಲ್ಲಿ ಕನ್ನಡದ ಪ್ರಥಮ ಉಪಗ್ರಹ ವಾಹಿನಿಯಾದ ಉದಯ ಬಂದುವು. ತಾರಸಿಯ ಆಂಟೆನಾದ ಸ್ಥಾನವನ್ನು ಬೀದಿಯ ಕಂಬದಿಂದ ಕಂಬಕ್ಕೆ ಹಾಯುವ ಕಪ್ಪು ಕೇಬಲ್ ಆಕ್ರಮಿಸಿತು. ಟಕಟಕನೆ ತಿರುಗುವ ಗುಂಡಿಯ, ಹನ್ನೆರಡೇ ವಾಹಿನಿಗಳ ಹಳೆಯ ಸೆಟ್ಟು ಈ ಸಮೃದ್ಧಿಯನ್ನು ತನ್ನೊಳಗೆ ಹಿಡಿಸಲಾರದೆ ಹೋಯಿತು. ಚಿತ್ರವು ಇನ್ನೂ ಚೆನ್ನಾಗಿ ಬರುತ್ತಿದ್ದರೂ ಎಷ್ಟೋ ಮನೆಗಳು ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ನೂರು ಚಾನೆಲ್ಲುಗಳೂ ರಿಮೋಟೂ ಇರುವ ಬಣ್ಣದ ಟಿ.ವಿ.ಯನ್ನು ತಂದುವು. ಆಯ್ಕೆಯನ್ನು ನಿರ್ಧರಿಸಿದ್ದು ಇಲ್ಲಿಯೂ ಹೊರಗಿನ ಆಸರೆಯೇ. ಮುಂದೆ ಬೆಂಗಳೂರು ಮತ್ತು ಮೈಸೂರು ನಗರಗಳಿಗೆ 2013ರ ಮಾರ್ಚ್ 31 ಡಿಜಿಟಲ್ ಕೇಬಲ್ಲಿನ ಗಡುವಾಗಿ, ಸೆಟ್‌ಟಾಪ್ ಬಾಕ್ಸ್ ಇಲ್ಲದ ಟಿ.ವಿ.ಗೆ ಕೇಬಲ್ಲೂ ನಿರರ್ಥಕವಾಯಿತು. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳು 2022ರ ಹೊತ್ತಿಗೆ ಬಹುಪಾಲು ಸ್ತಬ್ಧವಾದುವು. ಈ ನಡುವೆ ಗಾಜಿನ ಟ್ಯೂಬು ಹೋಗಿ ಎಲ್‌ಸಿಡಿ, ಎಲ್‌ಇಡಿ ಫಲಕಗಳು ಬಂದುವು. ಎರಡಡಿ ಆಳದ ಪೆಟ್ಟಿಗೆಗೆಂದು ಬಡಗಿಯಿಂದ ಮಾಡಿಸಿದ್ದ ಶೋಕೇಸುಗಳು ಬರಿದಾಗಿ, ಟಿ.ವಿ.ಯು ಗೋಡೆಯನ್ನೇರಿತು.

ಈಗ ನಾವಿರುವುದು ಮೂರನೆಯ ಘಟ್ಟದಲ್ಲಿ. ಇಂದಿನ ಸ್ಮಾರ್ಟ್ ಟಿ.ವಿ. ಅಂತರ್ಜಾಲವನ್ನು ಆಶ್ರಯಿಸಿದ ಒಂದು ಗಣಕಯಂತ್ರ. ಅದರ ಆಸರೆಯೆಂದರೆ ಅದರೊಳಗಿನ ತಂತ್ರಾಂಶ, ಆ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವ ತಯಾರಕ, ಆ ನವೀಕರಣವನ್ನು ಒಪ್ಪಿಕೊಳ್ಳುವ ಆ್ಯಪ್‌ಗಳ ಒಡೆಯ. ಈ ಆಸರೆಯೂ ಸರಿಯಬಲ್ಲುದೆಂಬುದಕ್ಕೆ ನಿದರ್ಶನಗಳು ಆಗಲೇ ದೊರೆತಿವೆ. 2015ರ ಏಪ್ರಿಲಿನಲ್ಲಿ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿದಾಗ, 2012ಕ್ಕೂ ಅದಕ್ಕೂ ಮುಂಚೆ ತಯಾರಾದ ಅನೇಕ ಟಿ.ವಿ.ಗಳಲ್ಲಿ ಅದರ ಆ್ಯಪ್ ಕಾರ್ಯಮಾಡದಾಯಿತು. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಹಲವು ಹಳೆಯ ಮಾದರಿಗಳಿಂದ ಹಿಂದೆಗೆಯಿತು. ಆ ಟಿ.ವಿ.ಗಳ ಫಲಕಗಳು ಕೆಟ್ಟಿರಲಿಲ್ಲ. ಎಟಿಎಸ್-6 ಸರಿದುಹೋದ ದಿನ ರಾಯಚೂರು ಸೀಮೆಯ ಹಳ್ಳಿಗೆ ಒದಗಿದ ಸ್ಥಿತಿಯೇ ನಾಲ್ಕು ದಶಕಗಳ ಮೇಲೆ ಜಗತ್ತಿನ ನಗರಗಳ ಮನೆಗಳಿಗೆ ಒದಗಿತು.

ಹೊಸ ಯುಗವು ಇನ್ನೊಂದು ಅಪೂರ್ವ ಸಂಗತಿಯನ್ನೂ ತಂದಿದೆ. ಹಿಂದೆ ನಾವು ಟಿ.ವಿ.ಯನ್ನು ನೋಡುತ್ತಿದ್ದೆವು, ಈಗ ಅದೂ ನಮ್ಮನ್ನು ಗಮನಿಸಬಲ್ಲುದು. ತೆರೆಯ ಮೇಲೆ ಮೂಡುವ ಚಿತ್ರವನ್ನು ಗುರುತಿಸಿ, ಮನೆಯವರು ಏನನ್ನು ನೋಡಿದರೆಂಬ ವಿವರವನ್ನು ತಯಾರಕರಿಗೆ ಕಳುಹುವ ತಂತ್ರವು ಅನೇಕ ಸೆಟ್ಟುಗಳಲ್ಲಿದೆ. ಅಮೆರಿಕದಲ್ಲಿ ವಿಜಿಯೋ ಎಂಬ ಕಂಪನಿಯು ಒಂದು ಕೋಟಿ ಹತ್ತು ಲಕ್ಷ ಟಿ.ವಿ.ಗಳಿಂದ ಇಂಥ ವಿವರಗಳನ್ನು ಸಮ್ಮತಿಯಿಲ್ಲದೆ ಸಂಗ್ರಹಿಸಿತೆಂಬ ಆರೋಪದ ಮೇಲೆ 2017ರಲ್ಲಿ 22 ಲಕ್ಷ ಡಾಲರುಗಳನ್ನು ತೆತ್ತು ರಾಜಿ ಮಾಡಿಕೊಂಡಿತು. ಬೀಗ ಹಾಕಿದ ಶಟರಿನ ಕಾಲದಲ್ಲಿ ಈ ಚಿಂತೆ ಯಾರಿಗೂ ಇರಲಿಲ್ಲ.

ಹಾಗಾದರೆ ಈಗ ಆರಿಸಹೊರಟವನು ಇತಿಹಾಸದಿಂದ ಪಡೆಯಬೇಕಾದ ವಿವೇಕವೇನು? ಫಲಕವು ದೀರ್ಘಾಯುಷಿ, ಅದಕ್ಕೆ ಜೋಡಿಸಿದ ಬುದ್ಧಿ ಅಲ್ಪಾಯುಷಿ. ಆದುದರಿಂದ ಹಣವನ್ನು ಮೊದಲಿನದಕ್ಕೆ ವಿನಿಯೋಗಿಸುವುದೇ ಜಾಣತನವೆಂಬುದು ನನ್ನ ದೃಢವಾದ ಅಭಿಪ್ರಾಯ. ಹಜಾರದಲ್ಲಿ ಕುಳಿತುಕೊಳ್ಳುವ ಎಡೆಯಿಂದ ಗೋಡೆಗೆ ಎಷ್ಟು ದೂರವೆಂಬುದನ್ನು ಟೇಪು ಹಿಡಿದು ಅಳೆಯಿರಿ; ತೆರೆಯ ಕರ್ಣದ ಒಂದೂವರೆಯಿಂದ ಎರಡು ಪಟ್ಟು ದೂರವಿದ್ದರೆ ಹಿತ. ಆರು ಅಡಿಯ ಎಡೆಗೆ 43 ಇಂಚು ಸಾಕು. 55 ಇಂಚಿನದಕ್ಕೆ ಏಳೆಂಟು ಅಡಿಯಾದರೂ ಬೇಕು. ಅಂಗಡಿಯಲ್ಲಿ ಕಣ್ಣು ಕೋರೈಸುವ ಪ್ರಾತ್ಯಕ್ಷಿಕೆಯ ಚಿತ್ರವನ್ನು ಬದಿಗಿರಿಸಿ, ನೀವು ಮನೆಯಲ್ಲಿ ದಿನವೂ ನೋಡುವ ಸಾಧಾರಣ ಕನ್ನಡ ವಾಹಿನಿಯನ್ನು ಹಾಕಿಸಿ ನೋಡಿರಿ. ನೇರವಾಗಿ ಮಾತ್ರವಲ್ಲದೆ ಪಕ್ಕದಿಂದಲೂ ನೋಡಿರಿ. ಹಳೆಯ ಮರದ ಪೆಟ್ಟಿಗೆಯಲ್ಲಿ ಸ್ಪೀಕರು ಮುಂದಕ್ಕೆ ಮುಖಮಾಡಿರುತ್ತಿದ್ದಿತು. ಇಂದಿನ ತೆಳು ಫಲಕದಲ್ಲಿ ಅದು ಬಹುಶಃ ಕೆಳಕ್ಕೋ ಹಿಂದಕ್ಕೋ ತಿರುಗಿರುವುದರಿಂದ, ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ದು ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ಪರೀಕ್ಷಿಸಿರಿ. ಹಿಂಬದಿಯಲ್ಲಿ ಮೂರು ಎಚ್‌ಡಿಎಂಐ ಕಿಂಡಿಗಳಿರಲಿ, ಟಿ.ವಿ.ಯ ಸ್ವಂತ ಬುದ್ಧಿ ಮುಪ್ಪಾದಾಗ ಸಣ್ಣ ಸ್ಟಿಕ್ಕೊಂದನ್ನು ಆ ಕಿಂಡಿಗೆ ಸಿಕ್ಕಿಸಿ, ಅಲ್ಪವ್ಯಯದಲ್ಲಿ ಹೊಸ ಬುದ್ಧಿಯನ್ನು ಕೊಡಬಹುದು.

ಕಡೆಯದಾಗಿ, ಬೆಲೆಯನ್ನು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ: ತಂತ್ರಾಂಶದ ನವೀಕರಣವನ್ನು ಎಷ್ಟು ವರ್ಷ ಕೊಡುವಿರಿ, ನಮ್ಮ ಊರಿನಲ್ಲಿ ರಿಪೇರಿ ಮಾಡುವವರು ಯಾರು, ನೋಟದ ವಿವರ ಕಳುಹುವ ವ್ಯವಸ್ಥೆಯನ್ನು ನಿಲ್ಲಿಸುವುದು ಎಲ್ಲಿ. ಇವಕ್ಕೆ ನೇರವಾದ ಉತ್ತರವನ್ನು ಕೊಡದ ಅಂಗಡಿಯಿಂದ, ರಿಯಾಯಿತಿ ಎಷ್ಟೇ ಇರಲಿ, ಬರಿಗೈಯಲ್ಲಿ ಹಿಂದಿರುಗುವುದೇ ಲೇಸು.