ಬಾದಾಮಿ, ಐಹೊಳೆ, ವಿಜಯಪುರದ ಮ್ಯೂಸಿಯಂ ನೋಡೋಕೆ ಹೊರಟ್ರಾ? ಶುಕ್ರವಾರ ಬಿಟ್ಟು ಹೋಗಿ

ಬಾಗಲಕೋಟೆ: ಬಾದಾಮಿಗೆ ಬಂದವರು ಗುಹೆ ಹತ್ತಿ ಇಳಿಯುತ್ತಾರೆ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಾಲ್ಕು ಫೋಟೊ ತೆಗೆಯುತ್ತಾರೆ, ಬನಶಂಕರಿಗೆ ಹೋಗಿ ರೊಟ್ಟಿ ಊಟ ಮಾಡಿ ಊರಿಗೆ ವಾಪಸ್. ಕೆರೆಯ ಆಚೆ ದಂಡೆಯಲ್ಲೇ ಇರುವ ಮ್ಯೂಸಿಯಂ ಹೆಚ್ಚಿನವರಿಗೆ ತಪ್ಪಿಹೋಗುತ್ತೆ. ಐಹೊಳೆಯಲ್ಲೂ ಅದೇ ಕಥೆ. ವಿಜಯಪುರದ ಗೋಳಗುಮ್ಮಟದಲ್ಲಂತೂ ಎದುರಿಗೇ ಇರುವ ಮ್ಯೂಸಿಯಂ ದಾಟಿ ಸೀದಾ ಗುಮ್ಮಟಕ್ಕೆ ನಡೆಯುವವರೇ ಜಾಸ್ತಿ.

ಈ ಮೂರೂ ಭಾರತೀಯ ಪುರಾತತ್ವ ಇಲಾಖೆಯ ಮ್ಯೂಸಿಯಂಗಳು. ಮೂರಕ್ಕೂ ವಾರದ ರಜೆ ಶುಕ್ರವಾರ. ಬೇರೆ ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ ರಜೆ ಇರುವುದರಿಂದ ಇಲ್ಲಿಯೂ ಹಾಗೇ ಅಂದುಕೊಂಡು ಜನ ಶುಕ್ರವಾರ ಬರುತ್ತಾರೆ. ಶಾಲಾ ಪ್ರವಾಸದ ಬಸ್ಸುಗಳೂ ಬರುತ್ತವೆ. ಬಾಗಿಲಲ್ಲಿ ‘ಇವತ್ತ ಬಂದ್ ಐತ್ರಿ’ ಅನ್ನೋ ಮಾತು ಕೇಳಿ ವಾಪಸ್ ಹೋಗಬೇಕಾಗುತ್ತೆ. ಗುಹೆ, ಗುಡಿ, ಗುಮ್ಮಟಗಳು ಮಾತ್ರ ಶುಕ್ರವಾರವೂ ತೆರೆದಿರುತ್ತವೆ. ಆ ದಿನವೇ ಹೊರಡಬೇಕಾದರೆ ಪಟ್ಟದಕಲ್ಲು, ಮಹಾಕೂಟ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನುಳಿದ ದಿನ ಬೆಳಿಗ್ಗೆಯಿಂದ ಸಂಜೆ 5 ಗಂಟೆವರೆಗೆ ಮ್ಯೂಸಿಯಂ ನೋಡಬಹುದು. ನಾಲ್ಕೂವರೆ ನಂತರ ಹೋದರೆ ಏನೂ ನೋಡಿದಂಗಾಗಲ್ಲ. ಟಿಕೆಟ್ ಐದು ರೂಪಾಯಿ, 15 ವರ್ಷದವರೆಗಿನ ಮಕ್ಕಳಿಗೆ ಉಚಿತ. ದರ ಬದಲಾಗಿದ್ದರೆ ಕೌಂಟರ್‌ನ ಬೋರ್ಡೇ ಅಂತಿಮ. ಗುಹೆಗೆ ಅಥವಾ ಗುಮ್ಮಟಕ್ಕೆ ತೆಗೆದ ಟಿಕೆಟ್ ಮ್ಯೂಸಿಯಂಗೆ ನಡೆಯುತ್ತೆ ಅಂತ ವಾದಕ್ಕೆ ಇಳಿಯಬೇಡಿ, ಅದು ಬೇರೆ ಇದು ಬೇರೆ.

ನಮ್ಮೂರ ಕಂಬ, ಪಕ್ಕದ ಜಿಲ್ಲೆಯಲ್ಲಿ

ಗುಡಿಗಳೇ ಕಣ್ಮುಂದೆ ಇರುವಾಗ ಮ್ಯೂಸಿಯಂ ಯಾಕೆ ಅನ್ನೋ ಪ್ರಶ್ನೆ ಸಹಜ. ಉತ್ತರ ಸರಳ: ಗುಡಿ ಇದ್ದಲ್ಲೇ ಇದೆ, ಆದರೆ ಅದರ ಸುತ್ತಲಿದ್ದ ಮೂರ್ತಿ, ಶಾಸನಗಳಲ್ಲಿ ಕೆಲವು ಜಾಗ ಬದಲಿಸಿವೆ.

ಮಹಾಕೂಟದ ಧರ್ಮಜಯಸ್ತಂಭವನ್ನೇ ನೋಡಿ. ಬಾದಾಮಿ ಚಾಲುಕ್ಯ ದೊರೆ ಮಂಗಳೇಶನ ಕಾಲದ, ಅಂದರೆ 600ನೇ ಇಸವಿಯ ಆಸುಪಾಸಿನ ಮರಳುಗಲ್ಲಿನ ಕಂಬ ಅದು. ಭಾಷೆ ಸಂಸ್ಕೃತ, ಲಿಪಿ ಆ ಕಾಲದ ಕನ್ನಡ. ಚಾಲುಕ್ಯರ ವಂಶಾವಳಿ ಅದರಲ್ಲಿದೆ. ಕಳಚುರಿ ರಾಜನನ್ನು ಗೆದ್ದು ತಂದ ಸಂಪತ್ತನ್ನು ಮಹಾಕೂಟದ ದೇವರಿಗೆ ಅರ್ಪಿಸಿದ ಸಂಗತಿಯೂ ಇದೆ. ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರಿನೊಂದಿಗೆ, ದೇವರಿಗೆ ಹತ್ತು ಹಳ್ಳಿ ದತ್ತಿ ಬಿಟ್ಟ ವಿವರವನ್ನೂ ಕೆತ್ತಿದ್ದಾರೆ. ಆ ಹತ್ತರಲ್ಲಿ ಒಂದು ಕಿಸುವೊಳಲ್, ಈಗಿನ ಪಟ್ಟದಕಲ್ಲು. ಅಂದರೆ ಬಾದಾಮಿ ತಾಲ್ಲೂಕಿನ ಊರಿನ ಹೆಸರು ಸಾವಿರದ ನಾನೂರು ವರ್ಷದ ಹಿಂದೆಯೇ ಕಲ್ಲಿನ ಮೇಲೆ ದಾಖಲಾಗಿದೆ.

ಆ ಕಂಬ ಈಗ ಮಹಾಕೂಟದಲ್ಲಿಲ್ಲ, ನೂರು ಕಿಲೋಮೀಟರ್‌ಗೂ ದೂರದ ವಿಜಯಪುರದ ಮ್ಯೂಸಿಯಂನಲ್ಲಿದೆ. ಆಗ ಬಾಗಲಕೋಟೆ ಬೇರೆ ಜಿಲ್ಲೆ ಆಗಿರಲಿಲ್ಲ, ಈ ಎಲ್ಲ ಊರುಗಳಿಗೂ ವಿಜಯಪುರವೇ ಜಿಲ್ಲಾ ಕೇಂದ್ರ. 1997ರಲ್ಲಿ ಜಿಲ್ಲೆ ಇಬ್ಭಾಗವಾದರೂ ಕಂಬ ಅಲ್ಲೇ ಉಳಿಯಿತು. ಮಹಾಕೂಟಕ್ಕೆ ಪ್ರತಿ ಅಮಾವಾಸ್ಯೆ ಹೋಗಿ ಬರುವ ಎಷ್ಟೋ ಕುಟುಂಬಗಳಿಗೆ ಈ ಕಂಬ ಎಲ್ಲಿದೆ ಅನ್ನೋದು ಗೊತ್ತಿಲ್ಲ. ಗುಡಿಯ ಮುಖಮಂಟಪದಲ್ಲಿ ವಿಜಯಾದಿತ್ಯನ ಕಾಲದ ವಿನಾಪೋಟಿಯ ಕನ್ನಡ ಶಾಸನ ಇದೆ. ಅದು ಮಾತ್ರ ಇನ್ನೂ ಸ್ವಸ್ಥಾನದಲ್ಲೇ ಇದೆ, ಹೋದಾಗ ತಪ್ಪದೇ ನೋಡಿ.

ಐಹೊಳೆಯದೂ ಹೀಗೇ. ಅಲ್ಲಿನ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವನ ದೊಡ್ಡ ಫಲಕಗಳು ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿವೆ. ಈ ಭಾಗ ಅಂದು ಮುಂಬೈ ಪ್ರಾಂತದಲ್ಲಿತ್ತು. ವ್ಯಾಪಾರಕ್ಕೋ ಆಸ್ಪತ್ರೆಗೋ ಮುಂಬೈಗೆ ಹೋಗಿ ಬರುವವರು ನಮ್ಮ ಕಡೆ ಕಡಿಮೆ ಏನಿಲ್ಲ. ಅರ್ಧ ದಿನ ಬಿಡುವು ಸಿಕ್ಕರೆ ಅಲ್ಲೂ ನಮ್ಮೂರ ಕಲ್ಲು ನೋಡಬಹುದು.

ಬಾದಾಮಿ: ಬಿಸಿಲೇರಿದ ಮೇಲೆ ಮ್ಯೂಸಿಯಂ

ಬಾದಾಮಿಯಲ್ಲಿ ಗುಹೆಗಳು ಕೆರೆಯ ದಕ್ಷಿಣಕ್ಕೆ, ಮ್ಯೂಸಿಯಂ ಉತ್ತರದ ಗುಡ್ಡದ ಬುಡಕ್ಕೆ. ಗುಹೆ ಮುಗಿಸಿ ಗಾಡಿ ಹತ್ತಿದರೆ ಮತ್ತೆ ಈ ಕಡೆ ಬರೋ ಮನಸ್ಸಾಗಲ್ಲ. ಹಾಗಾಗಿ ಬೆಳಿಗ್ಗೆ ತಂಪಿನಲ್ಲಿ ಮೆಟ್ಟಿಲು ಹತ್ತಿ ಗುಹೆ ನೋಡಿ, ಕಲ್ಲು ಕಾಯೋ ಹೊತ್ತಿಗೆ ಮ್ಯೂಸಿಯಂ ಒಳಗೆ ಹೋಗಿ. ಓಣಿಗಳ ನಡುವೆ ಸ್ವಲ್ಪ ನಡೆಯಬೇಕು. ದೊಡ್ಡ ಗಾಡಿಯನ್ನು ಮುಖ್ಯ ರಸ್ತೆ ಕಡೆ ಬಿಡುವುದೇ ವಾಸಿ. ವಯಸ್ಸಾದವರಿಗೆ ಗುಹೆಯ ಮೆಟ್ಟಿಲು ಕಷ್ಟ, ಮ್ಯೂಸಿಯಂಗೆ ಅಷ್ಟು ತೊಂದರೆ ಇಲ್ಲ. ಮಂಗಗಳ ಕಾಟ ಎರಡೂ ಕಡೆ ಇದೆ, ಕೈಯಲ್ಲಿ ತಿಂಡಿ ಚೀಲ ಬೇಡ.

ಒಳಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಲಜ್ಜಾಗೌರಿ. ನಾಗನಾಥಕೊಳ್ಳದ ಗುಡಿಯಿಂದ ತಂದ ಮೂರ್ತಿ. ತಲೆ ಇರಬೇಕಾದ ಜಾಗದಲ್ಲಿ ಅರಳಿದ ತಾವರೆ, ಕೂತ ಭಂಗಿ ಹೆರಿಗೆಯದು. ಮಕ್ಕಳನ್ನು ಕರೆದುಕೊಂಡು ಬಂದವರು ಮುಜುಗರಪಟ್ಟು ಬೇಗ ಮುಂದೆ ಸಾಗುತ್ತಾರೆ. ಹಂಗೇನೂ ಬೇಕಿಲ್ಲ. ಸಂತಾನ ಬೇಡಿ, ಬೆಳೆ ಬೇಡಿ ಪೂಜಿಸಿದ ತಾಯಿ ಅವಳು, ಹಾಗಂತಲೇ ಹೇಳಿಕೊಟ್ಟರೆ ಮಕ್ಕಳಿಗೂ ಅರ್ಥವಾಗುತ್ತೆ.

ಸಿಡಿಲಫಡಿ ಗುಹೆಯ ಮಾದರಿಯೂ ಇಲ್ಲಿದೆ. ನಿಜವಾದ ಸಿಡಿಲಫಡಿ ಊರ ಹೊರಗೆ ಕುರುಚಲು ಕಾಡಿನಲ್ಲಿದೆ. ಆದಿಮಾನವರ ಚಿತ್ರಗಳಿರುವ ಕಲ್ಲಾಸರೆ ಅದು. ದಾರಿ ಗೊತ್ತಿರುವವರಿಲ್ಲದೆ ಹೋಗುವುದು ಸರಿಯಲ್ಲ. ಅಷ್ಟು ನಡೆಯಲಾಗದವರಿಗೆ ಮ್ಯೂಸಿಯಂನ ಮಾದರಿ ಸಾಕು.

ಮ್ಯೂಸಿಯಂ ಮುಗಿಸಿ ಕೆರೆಯ ದಂಡೆಗುಂಟ ಭೂತನಾಥ ಗುಡಿ ಕಡೆ ನಡೆದರೆ ಸಂಜೆ ಚೆನ್ನಾಗಿ ಕಳೆಯುತ್ತೆ. ಕೆರೆಯ ಈಶಾನ್ಯ ದಿಕ್ಕಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು 700ನೇ ಇಸವಿಯದು, ಕನ್ನಡದ ತ್ರಿಪದಿ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಮುಂದೆ ಸರ್ವಜ್ಞ ಬಳಸಿದ್ದೂ ಇದೇ ಮೂರು ಸಾಲಿನ ಛಂದಸ್ಸು.

ಐಹೊಳೆ: ವ್ಯಾಪಾರಸ್ಥರು ನೋಡಲೇಬೇಕಾದ ಊರು

ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು ಹದಿಮೂರು-ಹದಿನಾಲ್ಕು. ಪಟ್ಟದಕಲ್ಲಿಗೆ ಬಸ್ಸಿಗೆ ಅಷ್ಟು ತೊಂದರೆಯಿಲ್ಲ, ಐಹೊಳೆಗೆ ಕಡಿಮೆ. ವಾಪಸ್ ಬರುವ ಕೊನೇ ಬಸ್ಸಿನ ಟೈಮ್ ಬಾದಾಮಿ ಸ್ಟ್ಯಾಂಡ್‌ನಲ್ಲೇ ಕೇಳಿಕೊಂಡು ಹೊರಡಿ. ನಾಲ್ಕೈದು ಜನ ಇದ್ದರೆ ಗಾಡಿ ಮಾಡಿಕೊಳ್ಳುವುದೇ ಲಾಭ.

ಮ್ಯೂಸಿಯಂ ಇರೋದು ದುರ್ಗ ಗುಡಿಯ ಆವರಣದ ಒಳಗೇ. ಐಹೊಳೆ ಊರಿನ, ಗುಡಿಗಳ ಮಾದರಿ ಅಲ್ಲಿದೆ. ಮೊದಲು ಅದನ್ನು ನೋಡಿದರೆ ಆಮೇಲೆ ಊರಲ್ಲಿ ಯಾವ ಗುಡಿ ಎಲ್ಲಿ ಅಂತ ತಡಕಾಡಬೇಕಿಲ್ಲ. ಮೇಗುತಿ ಗುಡ್ಡದ ಜೈನ ಗುಡಿಯ ಅಂಬಿಕೆಯ ಮೂರ್ತಿಯೂ ಇಲ್ಲಿಯೇ ಇದೆ. ಅದನ್ನು ನೋಡಿ ಗುಡ್ಡ ಹತ್ತಿದರೆ ಗೋಡೆಯ ಮೇಲೆ ರವಿಕೀರ್ತಿಯ ಶಾಸನ ಸಿಗುತ್ತೆ. 634ರಲ್ಲಿ ಬರೆಸಿದ್ದು, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಕಾಳಿದಾಸ, ಭಾರವಿಯರ ಹೆಸರೂ ಬರುತ್ತೆ.

ಅಂದಹಾಗೆ ದುರ್ಗ ಗುಡಿ ಅಂದರೆ ದುರ್ಗಾದೇವಿ ಗುಡಿ ಅಲ್ಲ, ದುರ್ಗ ಅಂದರೆ ಕೋಟೆ. ಲಾಡಖಾನ್ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ ಅನ್ನೋ ಹೆಸರುಗಳೂ ಮೂಲದ ದೇವರವಲ್ಲ, ಹಿಂದಿನ ಮಂದಿ ಗುಡಿಯೊಳಗೇ, ಗುಡಿಗೆ ತಾಗಿ ಬದುಕಿದ್ದ ಕಾಲದವು.

ಅಂಗಡಿ ನಡೆಸುವವರಿಗೆ ಐಹೊಳೆಯಲ್ಲಿ ಇನ್ನೊಂದು ವಿಷಯ ಇದೆ. ‘ಅಯ್ಯಾವೊಳೆ ಐನೂರ್ವರು’ ಅನ್ನೋ ವರ್ತಕರ ಸಂಘ ಈ ಊರಿನ ಹೆಸರಲ್ಲೇ ಬೆಳೆದದ್ದು. ದಕ್ಷಿಣ ಭಾರತದ ಉದ್ದಗಲಕ್ಕೆ ಅವರ ಶಾಸನಗಳಿವೆ, ಶ್ರೀಲಂಕಾದಲ್ಲೂ ಇವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಸಂತೆ ಸುಂಕದಿಂದ ಹಿಡಿದು ಗುಡಿಗೆ ಕೊಡಬೇಕಾದ ಪಾಲಿನವರೆಗೆ ಅವರು ಒಟ್ಟಾಗಿ ತೀರ್ಮಾನ ಮಾಡುತ್ತಿದ್ದರು. ಇವತ್ತಿನ ವರ್ತಕರ ಸಂಘಗಳ ಮೀಟಿಂಗ್ ನೋಡಿದವರಿಗೆ ಇದೇನೂ ಹೊಸದು ಅನ್ನಿಸಲ್ಲ.

ವಾಪಸ್ ಬರುವಾಗ ಅಮೀನಗಡ ಹತ್ತಿರ, ಕರದಂಟು ಎಲ್ಲರಿಗೂ ಗೊತ್ತಿದ್ದದ್ದೇ.

ವಿಜಯಪುರಕ್ಕೆ ಇನ್ನೊಂದು ದಿನ

ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ. ಶನಿವಾರ ಬಾದಾಮಿ, ಐಹೊಳೆ, ಭಾನುವಾರ ವಿಜಯಪುರ ಅಂತ ಇಟ್ಟುಕೊಂಡರೆ ಸರಾಗ. ಗದಗ–ಹೊಟಗಿ ರೈಲು ಮಾರ್ಗದಲ್ಲಿ ಬಾದಾಮಿ, ಬಾಗಲಕೋಟೆ, ವಿಜಯಪುರ ಮೂರೂ ಬರುತ್ತವೆ. ಬಾದಾಮಿ ಸ್ಟೇಷನ್ ಮಾತ್ರ ಊರಿಂದ ಐದು ಕಿ.ಮೀ. ಆಚೆ, ಆಟೊ ಖರ್ಚು ಲೆಕ್ಕದಲ್ಲಿರಲಿ. ಬಸ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಮರೆಯಬಾರದು.

ಗೋಳಗುಮ್ಮಟ ಬೆಳಿಗ್ಗೆ ಬೇಗ ತೆರೆಯುತ್ತೆ, ಮ್ಯೂಸಿಯಂ ಆಮೇಲೆ. ಆದ್ದರಿಂದ ಜನ ಸೇರುವ ಮೊದಲೇ ಗುಮ್ಮಟ ಹತ್ತಿ ಇಳಿಯಬೇಕು. ಗದ್ದಲ ಶುರುವಾದ ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟು ಇನ್ನೇನೂ ಕೇಳಲ್ಲ. ಇಳಿದು ಬಂದು ಎದುರಿನ ನಗಾರಖಾನೆಗೆ ಹೋಗಿ. ಆದಿಲ್‌ಶಾಹಿ ಕಾಲದಲ್ಲಿ ನಗಾರಿ ಬಾರಿಸುತ್ತಿದ್ದ ಈ ಕಟ್ಟಡವೇ ಮ್ಯೂಸಿಯಂ. 1892ರಲ್ಲಿ ಶುರುವಾದದ್ದು, ಮೂರರಲ್ಲಿ ಇದೇ ಹಳೆಯದು. ಆಯುಧ, ರತ್ನಗಂಬಳಿ, ಚೀನಾದ ಪಿಂಗಾಣಿ, ಕಿರುಚಿತ್ರ, ಹಸ್ತಪ್ರತಿ ಎಲ್ಲಾ ಇವೆ. ಅರಬ್ಬಿ, ಪಾರ್ಸಿ ಶಾಸನಗಳ ಜೊತೆಗೇ ಕನ್ನಡ, ಸಂಸ್ಕೃತದವೂ ಇವೆ. ಜೈನ ತೀರ್ಥಂಕರರ ಮೂರ್ತಿಗಳೂ ಇವೆ. ಅವುಗಳ ನಡುವೆ ಮಹಾಕೂಟದ ಕಂಬ ಎಲ್ಲಿದೆ ಅಂತ ಸಿಬ್ಬಂದಿಯನ್ನು ಹೆಸರು ಹೇಳಿಯೇ ಕೇಳಿ. ಕಣ್ಣಿಗೆ ಹೊಳೆಯುವ ವಸ್ತುಗಳ ಮಧ್ಯೆ ಕಲ್ಲಿನ ಕಂಬದ ಮುಂದೆ ನಿಲ್ಲುವವರು ಕಡಿಮೆ.

ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳುವುದು ಒಳ್ಳೆಯದು, ಫ್ಲ್ಯಾಶ್ ಬೇಡ. ಶಾಲೆಯಿಂದ ಮಕ್ಕಳನ್ನು ಕರೆತರುವವರು ಎರಡು ತಂಡ ಮಾಡಿ, ಒಂದು ತಂಡ ಒಳಗಿದ್ದಾಗ ಇನ್ನೊಂದು ಹೊರಗೆ ಗುಡಿ ನೋಡುವಂತೆ ಮಾಡಿದರೆ ನೂಕುನುಗ್ಗಲು ಇರಲ್ಲ. ಜನವರಿಯಲ್ಲಿ ಬನಶಂಕರಿ ಜಾತ್ರೆ ಇರುವಾಗ ಬಾದಾಮಿಯಲ್ಲಿ ರೂಮ್ ಸಿಗುವುದೂ ಕಷ್ಟ, ರಸ್ತೆಯೂ ಕಿಕ್ಕಿರಿದಿರುತ್ತೆ. ಜಾತ್ರೆಗೇ ಬಂದವರಿಗೆ ಮಾತ್ರ ಮ್ಯೂಸಿಯಂ ಐದೇ ಕಿಲೋಮೀಟರ್. ನಾಟಕ ಶುರುವಾಗೋದು ರಾತ್ರಿ, ಹಗಲು ಖಾಲಿನೇ ಇರುತ್ತೆ.